ವಿಕಿಯಲ್ಲಿ ಪಟ್ಟಿ ಎಲ್ಲಿ ಮುರಿಯುತ್ತದೆ, ಯಾಕೆ ಮುರಿಯುತ್ತದೆ

ವಿಕಿ ಪುಟದಲ್ಲಿ ಒಂದು ಪಟ್ಟಿ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿರುತ್ತದೆ. ಚುಕ್ಕಿಗಳು ಒಂದರ ಕೆಳಗೆ ಒಂದು ನೆಟ್ಟಗೆ ನಿಂತಿರುತ್ತವೆ. ಆದರೆ ಒಳಗೆ ಹೋಗಿ ನೋಡಿದರೆ ಅಲ್ಲಿ ಎಂಟು ಅಂಶಗಳ ಒಂದು ಪಟ್ಟಿ ಇರುವುದಿಲ್ಲ, ಒಂದೊಂದೇ ಅಂಶವಿರುವ ಎಂಟು ತುಂಡು ಪಟ್ಟಿಗಳು ಇರುತ್ತವೆ. ನೋಡಿ ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕೇಳಿ ಓದುವವರಿಗೆ, ಅಂದರೆ ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ, ಸಾಲುಸಾಲಿಗೂ ಗೊತ್ತಾಗುತ್ತದೆ.

ಪಟ್ಟಿ, ಇಂಡೆಂಟ್ (ಸಾಲನ್ನು ಬಲಕ್ಕೆ ಸರಿಸುವುದು) ಅಂದರೆ ಅಂದಚಂದದ ವಿಷಯ ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಸಾಲಿನ ಮೊದಲಲ್ಲಿ ನಾವು ಹಾಕುವ ಒಂದೊಂದು ಗುರುತೂ 'ಈ ಮಾತು ಯಾವ ಮಾತಿನ ಒಳಗೆ ಸೇರುತ್ತದೆ' ಎಂದು ಹೇಳುತ್ತದೆ. ವಿಕಿ ಸಾಫ್ಟ್‌ವೇರ್ ಆ ಗುರುತನ್ನು ಹೇಗೆ ಓದುತ್ತದೆ ಅನ್ನುವುದು ಒಮ್ಮೆ ತಲೆಗೆ ಹೊಕ್ಕರೆ ಸಾಕು. ಮಿಕ್ಕ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಮೀಡಿಯಾವಿಕಿ ಸಾಫ್ಟ್‌ವೇರ್‌ಗೆ ಸಂಬಂಧಿಸಿದ್ದು. ವಿಕಿಪೀಡಿಯ, ವಿಕ್ಷನರಿ, ವಿಕಿಸೋರ್ಸ್ ಎಲ್ಲವೂ ಇದರ ಮೇಲೆಯೇ ನಡೆಯುತ್ತವೆ. ಕಂಪನಿಗಳ, ಸಂಘಗಳ ಎಷ್ಟೋ ಒಳ ವಿಕಿಗಳೂ ಇದನ್ನೇ ಬಳಸುತ್ತವೆ.

ನಾಲ್ಕು ಗುರುತು

ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಶುರುಮಾಡಿದಾಗಿನಿಂದ ಇದರ ಹಿಂದಿರುವ ಯೋಚನೆ ಒಂದೇ: ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಗೊತ್ತಿಲ್ಲದವರೂ ಪುಟ ಬರೆಯುವಂತಿರಬೇಕು. ಹಾಗಾಗಿ ಟ್ಯಾಗ್‌ಗಳ ಬದಲು ಕೀಲಿಮಣೆಯಲ್ಲಿ ಸುಲಭವಾಗಿ ಸಿಗುವ ಗುರುತುಗಳು ಬಂದವು. ಮೀಡಿಯಾವಿಕಿಯಲ್ಲಿ ಪಟ್ಟಿಗಾಗಿ ಇರುವುದು ನಾಲ್ಕೇ. ಸ್ಟಾರ್ ( * ) ಹಾಕಿದರೆ ಚುಕ್ಕಿ ಪಟ್ಟಿ. ಹ್ಯಾಶ್ ( # ) ಹಾಕಿದರೆ ಅಂಕಿ ಪಟ್ಟಿ. ಸೆಮಿಕೋಲನ್ ( ; ) ಹಾಕಿದರೆ ವಿವರಣೆ ಬೇಕಾದ ಪದ. ಕೋಲನ್ ( : ) ಹಾಕಿದರೆ ಆ ಪದದ ವಿವರಣೆ.

ಈ ಕೊನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕೋಲನ್ ಅಂದರೆ 'ಬಲಕ್ಕೆ ತಳ್ಳು' ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಸಾಫ್ಟ್‌ವೇರ್ ಕಣ್ಣಲ್ಲಿ ಅದೂ ಒಂದು ಪಟ್ಟಿಯೇ. ಮುಂದೆ ಬರುವ ಅರ್ಧ ಗೊಂದಲ ಇದರಿಂದಲೇ ಹುಟ್ಟುತ್ತದೆ.

ಗುರುತು ಸಾಲಿನ ಮೊಟ್ಟಮೊದಲ ಅಕ್ಷರವಾಗಿರಬೇಕು. ಅದರ ಹಿಂದೆ ಒಂದೇ ಒಂದು ಸ್ಪೇಸ್ ಬಿದ್ದರೂ ಕಥೆ ಬೇರೆ. ಸ್ಪೇಸ್‌ನಿಂದ ಶುರುವಾಗುವ ಸಾಲನ್ನು ಮೀಡಿಯಾವಿಕಿ 'ಇದ್ದದ್ದನ್ನು ಇದ್ದ ಹಾಗೇ ತೋರಿಸು' ಎಂದು ಅರ್ಥ ಮಾಡಿಕೊಂಡು, ಟೈಪ್‌ರೈಟರ್ ಅಕ್ಷರಗಳ ಒಂದು ಡಬ್ಬಿಯಲ್ಲಿ ಹಾಕಿಬಿಡುತ್ತದೆ. ಸಾಲು ಉದ್ದವಾಗಿದ್ದರೆ ಅದು ಮಡಚಿಕೊಳ್ಳದೆ ಮೊಬೈಲ್ ಪರದೆಯ ಆಚೆಗೆ ಚಾಚಿಕೊಳ್ಳುವುದೂ ಉಂಟು. ಗುರುತಿನ ನಂತರ ಬಿಡುವ ಸ್ಪೇಸ್ ಮಾತ್ರ ನಿಮ್ಮಿಷ್ಟ. ಬಿಟ್ಟರೂ ಸರಿ, ಬಿಡದಿದ್ದರೂ ಸರಿ. ಬಿಟ್ಟರೆ ಸಂಪಾದಿಸುವವರಿಗೆ ಓದಲು ಸಲೀಸು. ಆದರೆ ಎರಡು ಗುರುತುಗಳ ನಡುವೆ ಸ್ಪೇಸ್ ಬಿಡಬೇಡಿ. ಸ್ಟಾರ್, ಸ್ಪೇಸ್, ಮತ್ತೆ ಸ್ಟಾರ್ ಬರೆದರೆ ಎರಡನೆಯ ಸ್ಟಾರ್ ಸುಮ್ನೆ ಅಕ್ಷರವಾಗಿ ಪುಟದಲ್ಲಿ ಕಾಣುತ್ತದೆ.

ಮೇಲಿನ ಸಾಲಿನ ಜೊತೆ ಹೋಲಿಕೆ

ಈಗ ಮುಖ್ಯ ವಿಷಯ. ಸಾಫ್ಟ್‌ವೇರ್ ಪಟ್ಟಿಯನ್ನು ಒಟ್ಟಾಗಿ ನೋಡುವುದಿಲ್ಲ. ಒಂದೊಂದೇ ಸಾಲು ಓದುತ್ತದೆ, ಅದರ ಮುಂದಿರುವ ಗುರುತುಗಳನ್ನು ಸರಿಯಾಗಿ ಮೇಲಿನ ಸಾಲಿನ ಗುರುತುಗಳ ಜೊತೆ ಹೋಲಿಸುತ್ತದೆ. ಎಡದಿಂದ ಶುರುಮಾಡಿ ಒಂದೊಂದೇ ಅಕ್ಷರ ತಾಳೆ ನೋಡುತ್ತದೆ. ಎಲ್ಲಿಯವರೆಗೆ ತಾಳೆಯಾಗುತ್ತದೋ ಅಲ್ಲಿಯವರೆಗಿನ ಪಟ್ಟಿಗಳನ್ನು ತೆರೆದೇ ಇಡುತ್ತದೆ. ತಾಳೆಯಾಗದ ಜಾಗದಿಂದ ಮುಂದಕ್ಕೆ ಹಳೆಯ ಪಟ್ಟಿಗಳನ್ನೆಲ್ಲ ಮುಚ್ಚಿ, ಹೊಸ ಗುರುತುಗಳಿಗೆ ಹೊಸ ಪಟ್ಟಿ ತೆರೆಯುತ್ತದೆ.

ಒಂದು ಸಣ್ಣ ಪಟ್ಟಿ ತೆಗೆದುಕೊಳ್ಳೋಣ.

```
* ಭೂಮಿ
** ಚಂದ್ರ
* ಮಂಗಳ
** ಫೋಬೋಸ್
** ಡೀಮೋಸ್
```

ಮೊದಲ ಸಾಲಿನಲ್ಲಿ ಒಂದು ಸ್ಟಾರ್. ಮೇಲೆ ಏನೂ ಇಲ್ಲ, ಹಾಗಾಗಿ ಒಂದು ಪಟ್ಟಿ ತೆರೆಯಿತು, ಅದರೊಳಗೆ ಭೂಮಿ ಕೂತಿತು. ಎರಡನೆಯ ಸಾಲಿನಲ್ಲಿ ಎರಡು ಸ್ಟಾರ್. ಮೊದಲ ಸ್ಟಾರ್ ಮೇಲಿನದರ ಜೊತೆ ತಾಳೆಯಾಯಿತು, ಆ ಪಟ್ಟಿ ತೆರೆದೇ ಇರಲಿ. ಎರಡನೆಯ ಸ್ಟಾರ್ ಹೊಸದು. ಹಾಗಾಗಿ ಭೂಮಿಯ ಒಳಗೇ ಇನ್ನೊಂದು ಪಟ್ಟಿ ತೆರೆದು ಚಂದ್ರನನ್ನು ಅಲ್ಲಿಟ್ಟಿತು. ಮೂರನೆಯ ಸಾಲಿನಲ್ಲಿ ಮತ್ತೆ ಒಂದೇ ಸ್ಟಾರ್. ಒಳಗಿನ ಪಟ್ಟಿ ಮುಚ್ಚಿತು, ಮಂಗಳ ಭೂಮಿಯ ಸಾಲಿಗೆ ಬಂತು. ಕೊನೆಯ ಎರಡು ಸಾಲಿನಲ್ಲಿ ಗುರುತು ಪೂರ್ತಿ ಒಂದೇ, ಆದ್ದರಿಂದ ಫೋಬೋಸ್, ಡೀಮೋಸ್ ಎರಡೂ ಮಂಗಳದ ಒಳಗಿನ ಒಂದೇ ಪಟ್ಟಿಗೆ ಸೇರಿದವು.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಸಾಲಿನ ಕೊನೆಯ ಗುರುತು ಆ ಸಾಲು ಹೇಗೆ ಕಾಣಬೇಕು ಎಂದು ಹೇಳುತ್ತದೆ: ಚುಕ್ಕಿಯೋ, ಅಂಕಿಯೋ, ಬರೀ ಇಂಡೆಂಟೋ. ಅದರ ಹಿಂದಿರುವ ಗುರುತುಗಳೆಲ್ಲ ಅದು ಯಾರ ಒಳಗೆ ಇದೆ ಎಂದು ಹೇಳುತ್ತವೆ. ಹಾಗಾಗಿಯೇ ಸ್ಟಾರ್-ಕೋಲನ್ ಬೇರೆ, ಕೋಲನ್-ಸ್ಟಾರ್ ಬೇರೆ. ಮೊದಲನೆಯದು ಚುಕ್ಕಿಯ ಒಳಗಿನ ಇಂಡೆಂಟ್. ಎರಡನೆಯದು ಇಂಡೆಂಟ್‌ನ ಒಳಗಿನ ಚುಕ್ಕಿ.

ಎರಡನೆಯ ವಿಷಯ, ಮಟ್ಟವನ್ನು ಹಾರಿಸಬಾರದು. ಒಂದು ಸ್ಟಾರ್ ಆದಮೇಲೆ ನೇರವಾಗಿ ಮೂರು ಸ್ಟಾರ್ ಹಾಕಿದರೆ ಸಾಫ್ಟ್‌ವೇರ್ ನಡುವಿನ ಮಟ್ಟವನ್ನೂ ತೆರೆಯಲೇಬೇಕು. ಆದರೆ ಅಲ್ಲಿ ಇಡಲು ಮಾತಿಲ್ಲ. ಆಗ ಒಂದೇ ಸಾಲಿನಲ್ಲಿ ಎರಡು ಚುಕ್ಕಿ ಅಕ್ಕಪಕ್ಕ ಕಾಣಿಸುತ್ತವೆ. ವಿಕಿ ಪುಟದಲ್ಲಿ ಎಲ್ಲಿಯಾದರೂ ಹೀಗೆ ಜೋಡಿ ಚುಕ್ಕಿ ಕಂಡರೆ ಅಲ್ಲೊಂದು ಮಟ್ಟ ತಪ್ಪಿದೆ ಎಂದೇ ಅರ್ಥ.

ಖಾಲಿ ಸಾಲು

ಪಟ್ಟಿ ಮುರಿಯುವುದಕ್ಕೆ ಅತಿ ಸಾಮಾನ್ಯ ಕಾರಣ ಇದು. ಸಂಪಾದನೆ ಪೆಟ್ಟಿಗೆಯಲ್ಲಿ ಸಾಲುಗಳು ಒತ್ತೊತ್ತಾಗಿ ಕಾಣುತ್ತವೆ ಎಂದು ಅಂಶಗಳ ನಡುವೆ ಒಂದೊಂದು ಖಾಲಿ ಸಾಲು ಬಿಡುತ್ತೇವೆ.

```
* ಅಯೋ

* ಯೂರೋಪಾ

* ಗ್ಯಾನಿಮೀಡ್

* ಕ್ಯಾಲಿಸ್ಟೊ
```

ಖಾಲಿ ಸಾಲಿನಲ್ಲಿ ಯಾವ ಗುರುತೂ ಇಲ್ಲ. ತಾಳೆ ಆಗಲು ಏನೂ ಇಲ್ಲದ್ದರಿಂದ ಸಾಫ್ಟ್‌ವೇರ್ ತೆರೆದಿದ್ದ ಎಲ್ಲವನ್ನೂ ಮುಚ್ಚುತ್ತದೆ. ಮುಂದಿನ ಸ್ಟಾರ್ ಬಂದಾಗ ಹೊಸದಾಗಿ ಶುರು. ಗುರುಗ್ರಹದ ನಾಲ್ಕು ದೊಡ್ಡ ಚಂದ್ರರ ಒಂದು ಪಟ್ಟಿ ಹೋಗಿ, ಒಂದೊಂದು ಚಂದ್ರನಿಗೆ ಒಂದೊಂದು ಪಟ್ಟಿ ಆಯಿತು. ಪರದೆಯ ಮೇಲೆ ಕಾಣುವ ವ್ಯತ್ಯಾಸ ಬಹಳ ಅಂದರೆ ಸಾಲುಗಳ ನಡುವೆ ಕೂದಲೆಳೆಯಷ್ಟು ಜಾಸ್ತಿ ಜಾಗ.

ಈಗ ಇದನ್ನೇ ಸ್ಕ್ರೀನ್ ರೀಡರ್ ಕಡೆಯಿಂದ ಕೇಳಿಸಿಕೊಳ್ಳಿ. ಎನ್‌ವಿಡಿಎ, ಜಾಸ್ ತರಹದ ಸ್ಕ್ರೀನ್ ರೀಡರ್‌ಗಳು ಪಟ್ಟಿಯೊಳಗೆ ಹೋಗುವಾಗ ಅದರಲ್ಲಿ ಎಷ್ಟು ಅಂಶ ಇವೆ ಎಂದು ಹೇಳುತ್ತವೆ. ಹೊರಗೆ ಬಂದಾಗ ಪಟ್ಟಿ ಮುಗಿಯಿತು ಎಂದು ತಿಳಿಸುತ್ತವೆ. ಪಟ್ಟಿ ಸರಿಯಿದ್ದರೆ ಕೇಳುವವರಿಗೆ 'ನಾಲ್ಕು ಅಂಶಗಳ ಪಟ್ಟಿ' ಎಂದು ಮೊದಲೇ ಗೊತ್ತಾಗುತ್ತದೆ, ಆಮೇಲೆ ನಾಲ್ಕು ಹೆಸರು, ಕೊನೆಗೆ ಮುಗಿಯಿತು. ಖಾಲಿ ಸಾಲಿರುವ ಪಟ್ಟಿಯಲ್ಲಿ ಹೀಗೆ ಕೇಳಿಸುತ್ತದೆ: ಒಂದು ಅಂಶದ ಪಟ್ಟಿ, ಅಯೋ, ಪಟ್ಟಿ ಮುಗಿಯಿತು. ಒಂದು ಅಂಶದ ಪಟ್ಟಿ, ಯೂರೋಪಾ, ಪಟ್ಟಿ ಮುಗಿಯಿತು. ಐವತ್ತು ಹೆಸರಿರುವ ಪುಟದಲ್ಲಿ ಐವತ್ತು ಸಲ ಇದೇ. ಎಷ್ಟು ಅಂಶ ಇವೆ ಅನ್ನುವ ಮಾಹಿತಿ ಪೂರ್ತಿ ಹೋಯಿತು, ಜೊತೆಗೆ ಬೇಡದ ಮಾತು ದುಪ್ಪಟ್ಟಾಯಿತು. ಈ ರೀಡರ್‌ಗಳಲ್ಲಿ ಎಲ್ ಕೀ ಒತ್ತಿದರೆ ಮುಂದಿನ ಪಟ್ಟಿಗೆ ಹಾರಬಹುದು. ಬೇಡದ ಪಟ್ಟಿಯನ್ನು ದಾಟಿಹೋಗಲು ಅದೂ ಒಂದು ದಾರಿ. ಪಟ್ಟಿ ಐವತ್ತು ತುಂಡಾಗಿದ್ದರೆ ಆ ಕೀಯನ್ನು ಐವತ್ತು ಸಲ ಒತ್ತಬೇಕು.

ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಬೇಕು ಎಂದು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ. ಅದರ 1.3.1ನೇ ಅಂಶ ಇದನ್ನೇ ಹೇಳುತ್ತದೆ: ಪುಟದಲ್ಲಿ ಕಣ್ಣಿಗೆ ಕಾಣುವ ರಚನೆ, ಸಂಬಂಧಗಳು ಸಾಫ್ಟ್‌ವೇರ್‌ಗೂ ಗೊತ್ತಾಗುವಂತಿರಬೇಕು. ಮಾರ್ಗಸೂಚಿಯ ಮೂರು ಹಂತಗಳಲ್ಲಿ ಇದು ಮೊದಲ ಹಂತದ್ದು, ಅಂದರೆ ಕನಿಷ್ಠ ಇಷ್ಟಾದರೂ ಇರಲೇಬೇಕು ಅನ್ನುವುದು. ವಿಕಿಯಲ್ಲಿ ಅದನ್ನು ಪಾಲಿಸಲು ಮಾಡಬೇಕಾದದ್ದು ಖಾಲಿ ಸಾಲು ತೆಗೆಯುವುದು, ಅಷ್ಟೇ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಉಪಕಾರ ವಿಕಿಯ ಬೇರೆ ಯಾವ ಕೆಲಸದಲ್ಲೂ ಸಿಗಲಿಕ್ಕಿಲ್ಲ.

ಸಂಪಾದನೆ ಪೆಟ್ಟಿಗೆಯಲ್ಲಿ ಸಾಲುಗಳ ನಡುವೆ ಅಂತರ ಬೇಕೇ ಬೇಕು ಅನ್ನಿಸಿದರೆ ಅದಕ್ಕೂ ದಾರಿ ಇದೆ. ಖಾಲಿ ಸಾಲಿನ ಬದಲು ಖಾಲಿ ಟಿಪ್ಪಣಿ ಇಡಿ.

```
* ಅಯೋ
<!-- -->
* ಯೂರೋಪಾ
```

ಒಂದು ಸಾಲಿನಲ್ಲಿ ಟಿಪ್ಪಣಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಮೀಡಿಯಾವಿಕಿ ಆ ಇಡೀ ಸಾಲನ್ನೇ ಎತ್ತಿಹಾಕುತ್ತದೆ. ಅದರ ನಂತರವೇ ಪಟ್ಟಿಯ ಲೆಕ್ಕ ಶುರುವಾಗುವುದು. ಹಾಗಾಗಿ ಪಟ್ಟಿ ಮುರಿಯುವುದಿಲ್ಲ.

ಅಂಕಿ ಪಟ್ಟಿ ಸುಳ್ಳು ಹೇಳುವುದಿಲ್ಲ

ಚುಕ್ಕಿ ಪಟ್ಟಿ ಮುರಿದರೆ ಕಣ್ಣಿಗೆ ಕಾಣುವುದಿಲ್ಲ. ಅಂಕಿ ಪಟ್ಟಿ ಮುರಿದರೆ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ. ವಿಕಿಗಳಲ್ಲಿ ಇದು ನಿಜವಾಗಿ ಪೇಚಿಗೆ ಸಿಕ್ಕಿಸುವುದು ಮತ ಹಾಕುವ ಪುಟಗಳಲ್ಲಿ. ಒಪ್ಪಿಗೆ ಎಷ್ಟು ಬಂತು ಎಂದು ತಾನಾಗಿಯೇ ಎಣಿಕೆಯಾಗಲಿ ಎಂದು ಅಲ್ಲಿ ಹ್ಯಾಶ್ ಬಳಸುತ್ತಾರೆ. ನಡುವೆ ಯಾರೋ ಒಬ್ಬರು ಪ್ರಶ್ನೆ ಕೇಳುತ್ತಾರೆ.

```
# '''ಒಪ್ಪಿಗೆ''' – ಮೊದಲ ಸದಸ್ಯರು
# '''ಒಪ್ಪಿಗೆ''' – ಎರಡನೆಯ ಸದಸ್ಯರು
: ಕಾರಣ ತಿಳಿಸಬಹುದೇ? – ಇನ್ನೊಬ್ಬ ಸದಸ್ಯರು
# '''ಒಪ್ಪಿಗೆ''' – ಮೂರನೆಯ ಸದಸ್ಯರು
```

ಮೂರನೆಯ ಸದಸ್ಯರ ಮತದ ಮುಂದೆ 3 ಬರಬೇಕಿತ್ತು, 1 ಬರುತ್ತದೆ. ಪ್ರಶ್ನೆಯ ಸಾಲಿನಲ್ಲಿ ಹ್ಯಾಶ್ ಇಲ್ಲ, ಕೋಲನ್ ಮಾತ್ರ ಇದೆ. ಮೊದಲ ಅಕ್ಷರವೇ ತಾಳೆಯಾಗಲಿಲ್ಲ, ಅಂಕಿ ಪಟ್ಟಿ ಮುಚ್ಚಿತು. ಪ್ರಶ್ನೆ ಕೇಳುವವರು ಕೋಲನ್ ಬದಲು ಹ್ಯಾಶ್-ಕೋಲನ್ ( #: ) ಹಾಕಿದ್ದರೆ ಆ ಸಾಲು ಎರಡನೆಯ ಮತದ ಒಳಗೇ ಕೂರುತ್ತಿತ್ತು, ಎಣಿಕೆ 3ಕ್ಕೆ ಮುಂದುವರಿಯುತ್ತಿತ್ತು.

ಹಂತಹಂತವಾಗಿ ಹೇಳುವ ಸೂಚನೆಗಳಲ್ಲೂ ಹೀಗೆಯೇ. ಒಂದು ಹಂತದ ಕೆಳಗೆ ಆಯ್ಕೆಗಳಿದ್ದರೆ ಹ್ಯಾಶ್-ಸ್ಟಾರ್ ( #* ) ಬಳಸಿ. ಎಣಿಕೆ ತಪ್ಪಿಹೋದರೆ 'ಮೇಲಿನ 4ನೇ ಹಂತ ನೋಡಿ' ಎಂದು ಬರೆದ ವಾಕ್ಯ ಇಲ್ಲದ ಹಂತದ ಕಡೆಗೆ ಬೆರಳು ತೋರಿಸುತ್ತದೆ. ಎಣಿಕೆ ಮುರಿಯಿತೆಂದು ಹ್ಯಾಶ್ ಬಿಟ್ಟು ಕೈಯಾರೆ 1, 2, 3 ಬರೆಯಲು ಹೋಗಬೇಡಿ. ಅದು ಪಟ್ಟಿಯೇ ಅಲ್ಲ. ಜೊತೆಗೆ, ಮೀಡಿಯಾವಿಕಿಯಲ್ಲಿ ಬರೀ ಎಂಟರ್ ಒತ್ತಿದರೆ ಹೊಸ ಸಾಲು ಬರುವುದಿಲ್ಲವಾದ್ದರಿಂದ ಎಲ್ಲವೂ ಒಂದೇ ಪ್ಯಾರಾದಲ್ಲಿ ಕೂಡಿಕೊಳ್ಳುತ್ತದೆ.

ಒಂದು ಅಂಶದಲ್ಲೇ ಎರಡು ಪ್ಯಾರಾ ಬೇಕಾದರೆ ಏನು ಮಾಡುವುದು? ಗುರುತಿಲ್ಲದೆ ಹೊಸ ಸಾಲು ಶುರುಮಾಡಿದರೆ ಪಟ್ಟಿ ಮುರಿಯುತ್ತದೆ. ಸಾಲು ಮುರಿಯದೆ, ಎರಡು ಪ್ಯಾರಾಗಳ ನಡುವೆ ಎಚ್‌ಟಿಎಂಎಲ್‌ನ ಪಿ ಟ್ಯಾಗ್ ಹಾಕುವುದು ಎಲ್ಲಕ್ಕಿಂತ ಸರಿಯಾದ ದಾರಿ. ಸಾಲು ಉದ್ದವಾಗುತ್ತದೆ, ಆಗಲಿ.

ಚಿತ್ರಗಳ ವಿಷಯದಲ್ಲೂ ಜನ ಎಡವುತ್ತಾರೆ. ಚಿತ್ರವನ್ನು ಎರಡು ಅಂಶಗಳ ನಡುವಿನ ಸಾಲಿನಲ್ಲಿ ಇಟ್ಟರೆ ಅದೂ ಗುರುತಿಲ್ಲದ ಸಾಲೇ, ಪಟ್ಟಿ ಎರಡು ತುಂಡು. ಪಟ್ಟಿ ಶುರುವಾಗುವ ಮೊದಲೇ ಚಿತ್ರ ಇಡಿ, ಅಥವಾ ಅಂಶದ ಸಾಲಿನೊಳಗೇ ಸೇರಿಸಿ.

ಟೇಬಲ್, ಟೆಂಪ್ಲೇಟು

ಟೇಬಲ್‌ನ ಕೋಶದಲ್ಲಿ ಪಟ್ಟಿ ಬೇಕಾದರೆ ನಿಲುವು ಗೆರೆಯ ( | ) ನಂತರ ಎಂಟರ್ ಒತ್ತಿ, ಹೊಸ ಸಾಲಿನಿಂದ ಸ್ಟಾರ್ ಹಾಕಿ. ಗೆರೆಯ ಪಕ್ಕದಲ್ಲೇ ಹಾಕಿದ ಸ್ಟಾರ್ ಸಾಲಿನ ಮೊದಲ ಅಕ್ಷರವಲ್ಲ, ಹಾಗಾಗಿ ಕೆಲಸ ಮಾಡುವುದಿಲ್ಲ. ಮಾಹಿತಿ ಚೌಕಗಳಲ್ಲಿ ಹಲವು ಹೆಸರು ಬರೆಯುವಾಗ ನಡುನಡುವೆ ಸಾಲು ಮುರಿಯುವ ಬಿಆರ್ ಟ್ಯಾಗ್ ಹಾಕಿ ಕೆಳಗೆ ಕೆಳಗೆ ತರುವುದು ರೂಢಿ. ಕಣ್ಣಿಗೆ ಪಟ್ಟಿ, ಒಳಗೆ ಬರೀ ಮುರಿದ ಸಾಲು. ಚುಕ್ಕಿ ಬೇಡ ಅನ್ನುವವರಿಗಾಗಿಯೇ ಹಲವು ವಿಕಿಗಳಲ್ಲಿ ಪ್ಲೇನ್‌ಲಿಸ್ಟ್ ಎಂಬ ಟೆಂಪ್ಲೇಟು (ಒಮ್ಮೆ ಬರೆದಿಟ್ಟು ಹಲವು ಪುಟಗಳಲ್ಲಿ ಕರೆದು ಬಳಸುವ ಸಿದ್ಧ ತುಣುಕು) ಇದೆ. ಅದರೊಳಗೆ ಮಾಮೂಲಿ ಸ್ಟಾರ್ ಪಟ್ಟಿ ಬರೆದರೆ ಚುಕ್ಕಿ ಕಾಣುವುದಿಲ್ಲ, ಪಟ್ಟಿಯ ರಚನೆ ಉಳಿಯುತ್ತದೆ.

ಟೆಂಪ್ಲೇಟು ಬರೆಯುವವರಿಗೆ ಒಂದು ಮಾತು. ಟೆಂಪ್ಲೇಟಿನಿಂದ ಹೊರಬರುವ ಪಠ್ಯದ ಮೊದಲ ಅಕ್ಷರ ಈ ನಾಲ್ಕು ಗುರುತುಗಳಲ್ಲಿ ಒಂದಾಗಿದ್ದರೆ ಮೀಡಿಯಾವಿಕಿ ಅದರ ಮುಂದೆ ತಾನೇ ಒಂದು ಹೊಸ ಸಾಲು ಸೇರಿಸುತ್ತದೆ. ಪಟ್ಟಿ ಸರಿಯಾಗಿ ಬರಲಿ ಎಂದು ಮಾಡಿದ ವ್ಯವಸ್ಥೆ ಇದು. ಆದರೆ ಬಣ್ಣದ ಕೋಡ್‌ಗಳೂ ಹ್ಯಾಶ್‌ನಿಂದಲೇ ಶುರುವಾಗುತ್ತವೆ, ಅಲ್ವಾ? ಬಣ್ಣದ ಕೋಡ್ ಕೊಡಲು ಮಾಡಿದ ಟೆಂಪ್ಲೇಟು ಅಂಕಿ ಪಟ್ಟಿ ಕೊಟ್ಟು ಕೂರುವುದು ಈ ಕಾರಣಕ್ಕೆ. ಗುರುತನ್ನು ಗುರುತಾಗಿ ಅಲ್ಲ, ಅಕ್ಷರವಾಗಿಯೇ ತೋರಿಸಬೇಕಾದರೆ ಹ್ಯಾಶ್ ಬದಲು `&#35;`, ಸ್ಟಾರ್ ಬದಲು `&#42;` ಬರೆಯಬಹುದು.

ಚರ್ಚೆ ಪುಟ

ಇಂಡೆಂಟ್ ನಿಜವಾಗಿ ಕೆಡುವುದು ಇಲ್ಲಿ, ಯಾಕೆಂದರೆ ಲೇಖನದಲ್ಲಿ ಪಟ್ಟಿಯನ್ನು ಹೆಚ್ಚಾಗಿ ಒಬ್ಬರೇ ಬರೆಯುತ್ತಾರೆ, ಚರ್ಚೆಯಲ್ಲಿ ಒಂದೊಂದು ಸಾಲೂ ಒಬ್ಬೊಬ್ಬರದು. ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ.

```
* ಈ ಪುಟದ ಹೆಸರು ಬದಲಾಗಬೇಕು. – ಮೊದಲ ಸದಸ್ಯರು
:: ಈಗಿನ ಹೆಸರೇ ಎಲ್ಲರಿಗೂ ಗೊತ್ತಿರುವುದು. – ಎರಡನೆಯ ಸದಸ್ಯರು
*** ಗೊತ್ತಿದ್ದರೂ ಅದು ಹಳೆಯ ಹೆಸರು. – ಮೂರನೆಯ ಸದಸ್ಯರು
```

ಮೇಲುನೋಟಕ್ಕೆ ಒಂದಕ್ಕಿಂತ ಒಂದು ಬಲಕ್ಕೆ ಸರಿದಿವೆ, ಸರಿಯಾಗಿದೆ ಅನ್ನಿಸುತ್ತದೆ. ತಾಳೆ ನೋಡಿ. ಮೊದಲ ಸಾಲಿನಲ್ಲಿ ಸ್ಟಾರ್, ಎರಡನೆಯದರಲ್ಲಿ ಕೋಲನ್. ಮೊದಲ ಅಕ್ಷರವೇ ಬೇರೆ. ಚುಕ್ಕಿ ಪಟ್ಟಿ ಮುಚ್ಚಿತು, ವಿವರಣೆ ಪಟ್ಟಿ ತೆರೆಯಿತು, ಅದರೊಳಗೆ ಇನ್ನೊಂದು ತೆರೆಯಿತು. ಮೂರನೆಯ ಸಾಲು ಮತ್ತೆ ಸ್ಟಾರ್. ಆ ಎರಡೂ ಮುಚ್ಚಿದವು, ಹೊಸದಾಗಿ ಮೂರು ಚುಕ್ಕಿ ಪಟ್ಟಿ ತೆರೆದವು, ಒಂದೇ ಸಾಲಿನಲ್ಲಿ ಮೂರು ಚುಕ್ಕಿ ಬಂದವು. ಮೂರೇ ಮಾತಿನ ಚರ್ಚೆಯಲ್ಲಿ ಆರು ಪಟ್ಟಿ ತೆರೆದು ಮುಚ್ಚಿದೆ. ಎರಡನೆಯವರ ಮಾತು ಮೊದಲನೆಯವರಿಗೆ ಕೊಟ್ಟ ಉತ್ತರ ಅನ್ನುವ ಸಂಬಂಧವೇ ಎಲ್ಲೂ ಉಳಿದಿಲ್ಲ.

ಇದಕ್ಕೆ ಒಂದೇ ಪರಿಹಾರ, ಅದು ಎಲ್ಲ ಸಂದರ್ಭಕ್ಕೂ ಒಗ್ಗುತ್ತದೆ. ಯಾರ ಮಾತಿಗೆ ಉತ್ತರಿಸುತ್ತೀರೋ ಅವರ ಸಾಲಿನ ಮುಂದಿರುವ ಗುರುತುಗಳನ್ನು ಇದ್ದ ಹಾಗೇ ನಕಲು ಮಾಡಿ. ಅದರ ಕೊನೆಗೆ ಒಂದು ಗುರುತು ಸೇರಿಸಿ. ಒಂದೇ.

```
* ಈ ಪುಟದ ಹೆಸರು ಬದಲಾಗಬೇಕು. – ಮೊದಲ ಸದಸ್ಯರು
*: ಈಗಿನ ಹೆಸರೇ ಎಲ್ಲರಿಗೂ ಗೊತ್ತಿರುವುದು. – ಎರಡನೆಯ ಸದಸ್ಯರು
*:: ಗೊತ್ತಿದ್ದರೂ ಅದು ಹಳೆಯ ಹೆಸರು. – ಮೂರನೆಯ ಸದಸ್ಯರು
*: ಮೂಲಗಳಲ್ಲಿ ಏನಿದೆ ನೋಡೋಣ. – ನಾಲ್ಕನೆಯ ಸದಸ್ಯರು
```

ನಾಲ್ಕನೆಯವರನ್ನು ಗಮನಿಸಿ. ಅವರು ಮೊದಲನೆಯವರಿಗೇ ಉತ್ತರಿಸಿದ್ದಾರೆ. ಹಾಗಾಗಿ ಮೊದಲನೆಯವರ ಸ್ಟಾರ್ ನಕಲು ಮಾಡಿ ಒಂದು ಕೋಲನ್ ಸೇರಿಸಿದ್ದಾರೆ. ಮೂರನೆಯವರು ಎಷ್ಟು ಬಲಕ್ಕೆ ಹೋಗಿದ್ದಾರೆ ಅನ್ನುವುದು ಅವರಿಗೆ ಬೇಕಿಲ್ಲ. ಬಂದ ಉತ್ತರಗಳ ಕೊನೆಯಲ್ಲಿ ತಮ್ಮದನ್ನು ಇಟ್ಟಿದ್ದಾರೆ, ನಡುವೆ ತೂರಿಸಿಲ್ಲ.

ಸೇರಿಸುವ ಆ ಒಂದು ಗುರುತು ಕೋಲನ್ ಆಗಬೇಕೋ ಸ್ಟಾರ್ ಆಗಬೇಕೋ? ಆ ಚರ್ಚೆಯಲ್ಲಿ ಉಳಿದವರು ಏನು ಹಾಕಿದ್ದಾರೋ ಅದನ್ನೇ ಹಾಕಿ. ನನ್ನ ಮಟ್ಟಿಗೆ ಮಾತುಕತೆಗೆ ಕೋಲನ್ ಚೆನ್ನ. ಒಂದೊಂದು ಉತ್ತರಕ್ಕೂ ಚುಕ್ಕಿ ಇಟ್ಟರೆ ಎಲ್ಲವೂ ಮತ ಹಾಕಿದ ಹಾಗೆ ಕಾಣುತ್ತದೆ. ಮೊದಲ ಅಭಿಪ್ರಾಯಗಳಿಗೆ ಸ್ಟಾರ್, ಅದರ ಕೆಳಗಿನ ಮಾತಿಗೆ ಕೋಲನ್ ಎಂದು ಇಟ್ಟುಕೊಂಡರೆ ಯಾವುದು ನಿಲುವು, ಯಾವುದು ಚರ್ಚೆ ಎಂದು ಒಂದೇ ನೋಟದಲ್ಲಿ ತಿಳಿಯುತ್ತದೆ.

ಮಾತು ಬೆಳೆದ ಹಾಗೆ ಸಾಲುಗಳು ಬಲಕ್ಕೆ ಸರಿಯುತ್ತಾ ಹೋಗಿ, ಮೊಬೈಲ್‌ನಲ್ಲಿ ಒಂದೊಂದು ಸಾಲಿಗೆ ಎರಡೇ ಪದ ಹಿಡಿಸುವ ಸ್ಥಿತಿ ಬರುತ್ತದೆ. ಆಗ ಯಾರಾದರೊಬ್ಬರು ಎಡಕ್ಕೆ ವಾಪಸ್ ಬರಲೇಬೇಕು. ಸುಮ್ನೆ ಗುರುತಿಲ್ಲದೆ ಬರೆದರೆ ಹೊಸ ವಿಷಯ ಶುರುವಾಯಿತೋ ಏನೋ ಎಂದು ಓದುವವರಿಗೆ ಗೊಂದಲ. ಇದಕ್ಕಾಗಿ ಔಟ್‌ಡೆಂಟ್ ಟೆಂಪ್ಲೇಟು ಹಲವು ವಿಕಿಗಳಲ್ಲಿದೆ. ಮೇಲಿನ ಸಾಲಿನಿಂದ ಎಡಕ್ಕೆ ಒಂದು ಗೆರೆ ಎಳೆದು, ಇದು ಅದರದೇ ಮುಂದುವರಿಕೆ ಎಂದು ತೋರಿಸುತ್ತದೆ.

ವಿಕಿಮೀಡಿಯ ಯೋಜನೆಗಳಲ್ಲಿ ಈಗ ಒಂದೊಂದು ಮಾತಿನ ಕೊನೆಗೂ ಉತ್ತರಿಸುವ ಕೊಂಡಿ ಕಾಣುತ್ತದೆ. ಅದನ್ನು ಒತ್ತಿ ಬರೆದರೆ ಗುರುತು ಹಾಕುವುದು, ಸಹಿ ಹಾಕುವುದು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಹೊಸಬರು ಇದನ್ನೇ ಬಳಸುವುದು ಒಳ್ಳೆಯದು. ಹಾಗಂತ ಗುರುತಿನ ಲೆಕ್ಕ ಕಲಿಯುವುದೇ ಬೇಡ ಎಂದಲ್ಲ. ಮೊದಲೇ ಕೆಟ್ಟಿರುವ ಚರ್ಚೆಯನ್ನು ಆ ಕೊಂಡಿ ಸರಿಮಾಡುವುದಿಲ್ಲ. ಅದಿಲ್ಲದ ವಿಕಿಗಳೂ ಇವೆ.

ಲೇಖನದಲ್ಲಿ ಕೋಲನ್, ಸೆಮಿಕೋಲನ್

ಚರ್ಚೆ ಪುಟದಲ್ಲಿ ಕೋಲನ್ ನಡೆಯುತ್ತದೆ. ಪದವೇ ಇಲ್ಲದ ವಿವರಣೆಗಳ ಪಟ್ಟಿ ಎಚ್‌ಟಿಎಂಎಲ್ ನಿಯಮಕ್ಕೆ ಸರಿಹೊಂದುವುದಿಲ್ಲವಾದರೂ ಅದು ಅಷ್ಟು ಹಳೆಯ ರೂಢಿ, ಈಗ ಅಲ್ಲಾಡಿಸಲು ಆಗುವುದಿಲ್ಲ. ಲೇಖನದಲ್ಲಿ ಮಾತ್ರ ಬರೀ ಬಲಕ್ಕೆ ಸರಿಸಲು ಕೋಲನ್ ಹಾಕಬೇಡಿ. ಯಾರದೋ ಮಾತನ್ನು ಉದ್ಧರಿಸುತ್ತಿದ್ದರೆ ಬ್ಲಾಕ್‌ಕೋಟ್ ಟ್ಯಾಗ್ ಇದೆ. ಗಣಿತದ ಸೂತ್ರವನ್ನು ಬೇರೆ ಸಾಲಿನಲ್ಲಿ ತೋರಿಸಲು ಮ್ಯಾತ್ ಟ್ಯಾಗ್‌ನಲ್ಲೇ ಆಯ್ಕೆ ಇದೆ, ಡಿಸ್ಪ್ಲೇ ಅನ್ನುವಲ್ಲಿ ಬ್ಲಾಕ್ ಎಂದು ಕೊಟ್ಟರಾಯಿತು.

ಸೆಮಿಕೋಲನ್ ಇನ್ನೂ ಜಾಸ್ತಿ ದುರ್ಬಳಕೆಯಾಗುತ್ತದೆ. ಅದು ಸಾಲನ್ನು ದಪ್ಪ ಮಾಡುತ್ತದೆ ಎಂದು ಕಂಡುಕೊಂಡವರು ಅದನ್ನು ಉಪಶೀರ್ಷಿಕೆಯಾಗಿ ಬಳಸುತ್ತಾರೆ. ಆದರೆ ಅದು ಶೀರ್ಷಿಕೆಯಲ್ಲ. ಪರಿವಿಡಿಯಲ್ಲಿ ಬರುವುದಿಲ್ಲ. ಅದರ ಮುಂದೆ ಸಂಪಾದಿಸುವ ಕೊಂಡಿ ಇರುವುದಿಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಎಚ್ ಕೀ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುವವರಿಗೆ ಅದು ಸಿಗುವುದೇ ಇಲ್ಲ. ಶೀರ್ಷಿಕೆ ಬೇಕಿದ್ದರೆ ಸಮ ಚಿಹ್ನೆಗಳನ್ನೇ ( === ) ಬಳಸಿ. ಸೆಮಿಕೋಲನ್ ಇರುವುದು ಪದಕೋಶದ ತರಹದ ಪಟ್ಟಿಗೆ, ಕೆಳಗೆ ಕೋಲನ್‌ನಲ್ಲಿ ವಿವರಣೆ ಬರುವ ಕಡೆ. ಪದ, ವಿವರಣೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೂ ನಡೆಯುತ್ತದೆ. ಆದರೆ ಪದದಲ್ಲೇ ಕೋಲನ್ ಇದ್ದರೆ ಸಾಫ್ಟ್‌ವೇರ್ ಅಲ್ಲೇ ಕತ್ತರಿಸಿಬಿಡುತ್ತದೆ. ಬೇರೆ ಬೇರೆ ಸಾಲಿನಲ್ಲಿ ಬರೆಯುವುದೇ ಕ್ಷೇಮ.

ಬೇರೆ ಕಡೆಯ ಅಭ್ಯಾಸ

ಎಷ್ಟೋ ತಪ್ಪುಗಳು ಬೇರೆ ಸಾಫ್ಟ್‌ವೇರ್‌ಗಳ ರೂಢಿಯಿಂದ ಬರುತ್ತವೆ. ಮಾರ್ಕ್‌ಡೌನ್ ಎಂಬ ಇನ್ನೊಂದು ಗುರುತು ಪದ್ಧತಿಯಲ್ಲಿ ಒಳಪಟ್ಟಿಗೆ ಸಾಲಿನ ಮುಂದೆ ಸ್ಪೇಸ್ ಬಿಡುತ್ತಾರೆ, ಸ್ಟಾರ್ ಬದಲು ಅಡ್ಡಗೆರೆ ( - ) ಹಾಕಿದರೂ ಚುಕ್ಕಿ ಬರುತ್ತದೆ, ಅಂಶಗಳ ನಡುವೆ ಖಾಲಿ ಸಾಲು ಬಿಟ್ಟರೂ ಪಟ್ಟಿ ಮುರಿಯುವುದಿಲ್ಲ. ಡೊಕುವಿಕಿ ಎಂಬ ಬೇರೆ ವಿಕಿ ಸಾಫ್ಟ್‌ವೇರ್‌ನಲ್ಲಂತೂ ಗುರುತಿನ ಮುಂದೆ ಕನಿಷ್ಠ ಎರಡು ಸ್ಪೇಸ್ ಇರಲೇಬೇಕು, ಅಲ್ಲಿ ಅಡ್ಡಗೆರೆ ಅಂದರೆ ಅಂಕಿ ಪಟ್ಟಿ. ಮೀಡಿಯಾವಿಕಿಯಲ್ಲಿ ಇದರಲ್ಲಿ ಒಂದೂ ನಡೆಯುವುದಿಲ್ಲ. ಒಂದು ಅಡ್ಡಗೆರೆ ಬರೀ ಅಕ್ಷರ, ನಾಲ್ಕು ಒಟ್ಟಿಗೆ ಹಾಕಿದರೆ ಪುಟದ ಅಗಲಕ್ಕೂ ಗೆರೆ. ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ಸ್ಟಾರ್ ಹಾಕಿದರೆ ಅಕ್ಷರ ದಪ್ಪವಾಗುತ್ತದೆ. ವಿಕಿಯಲ್ಲಿ ದಪ್ಪಕ್ಕೆ ಮೂರು ಅಪಾಸ್ಟ್ರಫಿ.

ವರ್ಡ್ ಫೈಲ್‌ನಿಂದ ನಕಲು ಮಾಡಿ ಅಂಟಿಸಿದಾಗ ದುಂಡು ಚುಕ್ಕಿಗಳೂ ( • ) ಜೊತೆಗೆ ಬರುತ್ತವೆ. ಅವು ನೋಡಲು ಪಟ್ಟಿಯ ಹಾಗಿದ್ದರೂ ಬರೀ ಅಕ್ಷರಗಳು. ಪುಟ ಉಳಿಸಿದ ಮೇಲೆ ಎಲ್ಲ ಅಂಶಗಳೂ ಒಂದೇ ಪ್ಯಾರಾದಲ್ಲಿ ಚುಕ್ಕಿಗಳ ಸಮೇತ ಓಡುತ್ತವೆ. ಅದನ್ನು ಬಿಆರ್ ಟ್ಯಾಗ್‌ನಿಂದ ತೇಪೆ ಹಚ್ಚುವ ಬದಲು, ಚುಕ್ಕಿಯನ್ನೆಲ್ಲ ಸ್ಟಾರ್‌ಗೆ ಬದಲಾಯಿಸಿ.

ಮುರಿದದ್ದನ್ನು ಹುಡುಕುವುದು

ಚುಕ್ಕಿ ಪಟ್ಟಿ ಎಲ್ಲಿ ಮುರಿದಿದೆ ಎಂದು ಕಣ್ಣಿನಿಂದ ಹುಡುಕುವುದು ಕಷ್ಟ. ಅದಕ್ಕೊಂದು ಸುಲಭ ಉಪಾಯ ಇದೆ. ಸಂಪಾದನೆ ಪೆಟ್ಟಿಗೆಯಲ್ಲಿ ಆ ಪಟ್ಟಿಯ ಸ್ಟಾರ್‌ಗಳನ್ನೆಲ್ಲ ಹ್ಯಾಶ್ ಮಾಡಿ ಮುನ್ನೋಟ ನೋಡಿ. ಎಣಿಕೆ ಎಲ್ಲಿ ಕಾರಣವಿಲ್ಲದೆ 1ಕ್ಕೆ ವಾಪಸ್ ಬಂತೋ ಅಲ್ಲೇ ಮುರಿದಿದೆ. ಅದರ ಮೇಲಿನ ಸಾಲಿನಲ್ಲಿ ಖಾಲಿ ಜಾಗವೋ, ಚಿತ್ರವೋ, ತಪ್ಪು ಗುರುತೋ ಇದ್ದೇ ಇರುತ್ತದೆ. ಸರಿಮಾಡಿ, ಹ್ಯಾಶ್‌ಗಳನ್ನು ಮತ್ತೆ ಸ್ಟಾರ್ ಮಾಡಿ, ಆಮೇಲೆ ಉಳಿಸಿ.

ಚರ್ಚೆ ಪುಟದಲ್ಲಿ ಬೇರೆಯವರ ಸಾಲಿನ ಗುರುತು ಸರಿಪಡಿಸಬಹುದೇ ಎಂದು ಹಿಂಜರಿಯುವವರಿದ್ದಾರೆ. ಗುರುತು ಮಾತ್ರ ಮುಟ್ಟಿ, ಮಾತನ್ನು ಮುಟ್ಟಬೇಡಿ. ಒಂದು ಅಕ್ಷರದೋಷ ಕಂಡರೂ ಅದು ಅವರ ಸಹಿಯ ಮೇಲಿನ ಮಾತು, ಬಿಟ್ಟುಬಿಡಿ. ಯಾರ ಉತ್ತರ ಯಾರಿಗೆ ಎಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಮಟ್ಟ ಬದಲಾಯಿಸಿ, ಯಾಕೆಂದರೆ ಒಂದು ಕೋಲನ್ ಕಮ್ಮಿಯಾದರೆ ಅವರ ಸಿಟ್ಟಿನ ಉತ್ತರ ಬೇರೆ ಯಾರಿಗೋ ಕೊಟ್ಟ ಹಾಗೆ ಆಗಬಹುದು. ಸಂಪಾದನೆಯ ಸಾರಾಂಶದಲ್ಲಿ 'ಇಂಡೆಂಟ್ ಮಾತ್ರ ಸರಿಪಡಿಸಿದ್ದು, ಪಠ್ಯ ಬದಲಾಗಿಲ್ಲ' ಎಂದು ಬರೆದರೆ ಇತಿಹಾಸ ನೋಡುವವರಿಗೆ ಅನುಮಾನ ಬರುವುದಿಲ್ಲ.